ಉಪ್ಪಿನ ಪ್ಯಾಕೆಟ್ಟಿನ ಮೇಲೆ ದಿನಾಂಕ ಬರೆದಿಡಿ: ರಕ್ತದೊತ್ತಡ ಇರುವವರ ಮನೆಗೆ ಕೆಲವು ಸೂಚನೆಗಳು

ರಕ್ತದೊತ್ತಡ ಹೆಚ್ಚಾಗಿದೆಯೆಂದು ತಿಳಿದವರೆಲ್ಲ ಉಪ್ಪು ಕಡಿಮೆ ಮಾಡಿದ್ದೇವೆ ಎನ್ನುತ್ತಾರೆ. ಎಷ್ಟು ಕಡಿಮೆಯಾಯಿತೆಂದು ಕೇಳಿದರೆ ಹೇಳಲಾರರು. ಇದನ್ನು ತಿಳಿಯಲು, ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ವಯಸ್ಕರೊಬ್ಬರ ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿದ್ದು, ಆ ಲೆಕ್ಕದಲ್ಲಿ ನಾಲ್ವರ ಮನೆಗೆ ಆ ಪ್ಯಾಕೆಟ್ 50 ದಿನಗಳಿಗಿಂತ ಹೆಚ್ಚು ಬಾಳಬೇಕು. ಹೋಟೆಲಿನ ತಿಂಡಿ, ಬೇಕರಿಯ ಖಾರ, ಕೊಂಡು ತಂದ ಹಪ್ಪಳಗಳ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲ.

ರೋಗಿಗೆ ಮಾತ್ರ ಬೇರೆ ಅಡುಗೆ ಮಾಡುವ ಏರ್ಪಾಡು ಹೆಚ್ಚು ದಿನ ನಡೆಯುವುದಿಲ್ಲವಾದ್ದರಿಂದ, ಇಡೀ ಮನೆಯ ಸಾರು, ಪಲ್ಯಗಳಿಗೆ ಹಾಕುವ ಉಪ್ಪನ್ನೇ ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಇಳಿಸುವುದು ಲೇಸು. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆರಸ, ಮೆಣಸು-ಜೀರಿಗೆ, ಕೊತ್ತಂಬರಿ ಸೊಪ್ಪುಗಳು ಸಪ್ಪೆತನವನ್ನು ಬಹುಮಟ್ಟಿಗೆ ಮರೆಸುತ್ತವೆ. ಮುದ್ದೆಗೂ ಜೋಳದ ರೊಟ್ಟಿಗೂ ಉಪ್ಪು ಬೇಕಾಗಿಲ್ಲ. ಎಲೆಯ ತುದಿಯ ಉಪ್ಪು, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಸಂಡಿಗೆ, ಉಪ್ಪು ಹಾಕಿದ ಮಜ್ಜಿಗೆ ಇವೆಲ್ಲ ಒಂದೇ ಊಟದಲ್ಲಿ ಸೇರದಂತೆ ನೋಡಿಕೊಳ್ಳಿ. ಸೈಂಧವ ಲವಣ ನಿರಪಾಯವೆಂಬ ನಂಬಿಕೆಗೆ ಆಧಾರವಿಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬೆರೆತಿರುವುದರಿಂದ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ರಕ್ತದೊತ್ತಡದ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಉಳಿದವರಿಗೆ ಸೊಪ್ಪು, ಕಾಳು, ಬಾಳೆಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಹಿತವೇ.

ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮೈತೂಕ ಹೆಚ್ಚಿದ್ದರೆ ಇಳಿಸಿಕೊಳ್ಳಿ. ಮದ್ಯ ಕಡಿಮೆಯಾದಷ್ಟೂ ಒಳ್ಳೆಯದು. ತಂಬಾಕನ್ನು, ಎಲೆ-ಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಸೇರಿಸಿ, ಪೂರ್ತಿ ಬಿಡಬೇಕು. ಮಂಡಿನೋವಿಗೆಂದು ತಾವೇ ಕೊಂಡು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳೂ, ಕೆಮ್ಮಿಗೆಂದು ದಿನವೂ ಸೇವಿಸುವ ಅತಿಮಧುರವೂ ಒತ್ತಡವನ್ನು ಏರಿಸಬಲ್ಲವೆಂಬುದು ಅನೇಕರಿಗೆ ತಿಳಿದಿಲ್ಲ.

ಮನೆಯಲ್ಲಿ ಅಳೆಯುವಾಗ ಆತುರ ಸಲ್ಲದು. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ ಕುಡಿಯದೆ, ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬಳಿಕ ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ, ಬಟ್ಟೆಯ ಮೇಲಲ್ಲದೆ ಬರಿ ತೋಳಿಗೇ ಪಟ್ಟಿ ಕಟ್ಟಿ, ಮಾತಾಡದೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸಂಖ್ಯೆ ಇಳಿದಿದ್ದರೆ ಅದು ಮಾತ್ರೆಯ ಫಲವೂ ಆಗಿರಬಹುದು; ಆದ್ದರಿಂದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿ. ಒತ್ತಡ 180/120ನ್ನು ಮೀರಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಕೈಕಾಲಿನಲ್ಲಿ ಬಲಹೀನತೆ ಕಂಡರೆ, ಮತ್ತೆ ಅಳೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೊರಡಬೇಕು.