ಬಿಪಿ ನಾರ್ಮಲ್, ಆದರೂ ಎದೆ ಡವಡವ: ನಾಡಿ ಎಣಿಸುವುದು ಹೇಗೆ?

ಬಸವನಗುಡಿಯ ನಮ್ಮ ಬೀದಿಯಲ್ಲಿ ಮನೆ ಮನೆಗೂ ಬಿಪಿ ಮೆಷಿನ್ ಬಂದಿದೆ. 120, 80 ಎಂದು ಓದುತ್ತಾರೆ, ಪಟ್ಟಿ ಬಿಚ್ಚುತ್ತಾರೆ. ಕೆಳಗೆ ಇನ್ನೊಂದು ಅಂಕಿ ಇರುತ್ತದಲ್ವಾ, ಪಲ್ಸ್? ಅದು 118 ಇದ್ದರೂ ಯಾರೂ ನೋಡುವುದಿಲ್ಲ. ನಮ್ಮ ಚಿಕ್ಕಮ್ಮ 'ಬಿಪಿ ಸರಿ ಇದೆ' ಎಂದುಕೊಂಡೇ ಮೂರು ತಿಂಗಳು ಏದುಸಿರು ಬಿಟ್ಟರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 7.

ಬಿಪಿ ಬೇರೆ, ನಾಡಿ ಬೇರೆ. ಮೈಯಲ್ಲಿ ರಕ್ತವೋ ನೀರೋ ಕಡಿಮೆಯಾದಾಗ ಹೃದಯ ಜಾಸ್ತಿ ಸಲ ಬಡಿದು ಒತ್ತಡ ಬೀಳದಂತೆ ಕಾಯುತ್ತದೆ. ಎಷ್ಟೋ ಸಲ ಬಿಪಿ ಸರಿಯಾಗಿರುವುದೇ ಹೃದಯ ಓಡುತ್ತಿರುವುದರಿಂದ.

ಮೊದಲು ಐದು ನಿಮಿಷ ಸುಮ್ನೆ ಕೂರಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ಬೇಡ, ಕಾಫಿ ಕುಡಿದ ಕೂಡಲೇ ಬೇಡ.

ಆಮೇಲೆ ಎಣಿಕೆ. ಎಲ್ಲರೂ ತಪ್ಪುವುದು ಇಲ್ಲೇ. ಅಂಗೈ ಮೇಲೆ ಮಾಡಿ ಕೈಯನ್ನು ತೊಡೆಯ ಮೇಲಿಡಿ. ಹೆಬ್ಬೆರಳಿನ ಬುಡದಿಂದ ನೇರ ಮೊಣಕೈ ಕಡೆಗೆ ಬನ್ನಿ. ಮಣಿಕಟ್ಟಿನ ಗೆರೆ ದಾಟಿದ ಮೇಲೆ ಅಂಚಿನ ಮೂಳೆಗೂ ನಡುವಿನ ಗಟ್ಟಿ ಹುರಿಗೂ ಮಧ್ಯೆ ಸಣ್ಣ ತಗ್ಗು ಸಿಗುತ್ತದೆ. ತೋರುಬೆರಳು, ನಡುಬೆರಳು ಎರಡನ್ನೂ ಅಲ್ಲಿಡಿ. ಹೆಬ್ಬೆರಳು ಬೇಡವೇ ಬೇಡ. ಅದರೊಳಗೂ ನಾಡಿ ಮಿಡಿಯುತ್ತದೆ, ನಿಮ್ಮದನ್ನೇ ನೀವು ಎರಡು ಸಲ ಎಣಿಸಿಬಿಡುತ್ತೀರಿ. ಜೋರಾಗಿ ಅದುಮಿದರೆ ನಾಡಿ ಮಾಯವಾಗುತ್ತದೆ. ಹಣ್ಣು ಮಾಗಿದೆಯೋ ಇಲ್ಲವೋ ಎಂದು ನೋಡುವಷ್ಟೇ ಒತ್ತಿ.

ಸೆಕೆಂಡ್ ಮುಳ್ಳಿರುವ ಗಡಿಯಾರ ಎದುರಿಗಿರಲಿ. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಒಂದು ಬಡಿತ ತಪ್ಪಿದರೂ ಲೆಕ್ಕ ನಾಲ್ಕು ತಪ್ಪುತ್ತದೆ. ದೊಡ್ಡವರಿಗೆ ಕೂತಿದ್ದಾಗ 60ರಿಂದ 100 ಸಾಮಾನ್ಯ.

ಎಣಿಸುವಾಗ ಲಯವನ್ನೂ ಗಮನಿಸಿ, ಅಂಕಿಗಿಂತ ಇದು ಮುಖ್ಯ. ರಂಗೋಲಿ ಚುಕ್ಕಿಗಳ ಹಾಗೆ ಸಮ ಅಂತರದಲ್ಲಿದೆಯೇ? ಅಥವಾ ತಗಡಿನ ಮೇಲೆ ಮೊದಲ ಮಳೆಹನಿ ಬಿದ್ದ ಹಾಗೆ ಅಡ್ಡಾದಿಡ್ಡಿಯೇ? ಪೂರ್ತಿ ಅಡ್ಡಾದಿಡ್ಡಿಯಾಗಿದ್ದರೆ ಅದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ, ಇರಬಹುದು. ಚಿಕಿತ್ಸೆ ಮಾಡಿಸದೆ ಹಾಗೇ ಬಿಟ್ಟರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯವಿದೆ. ಆಗ ಬಿಪಿ ಮೆಷಿನ್ನಿನ ಅಂಕಿಗಳನ್ನೂ ಪೂರ್ತಿ ನಂಬುವ ಹಾಗಿಲ್ಲ. ಸ್ಮಾರ್ಟ್‌ವಾಚ್ ಪಟ್ಟಿ ಸಡಿಲವಿದ್ದರೆ, ಕೈ ಆಡಿಸುತ್ತಿದ್ದರೆ ಅದೂ ತಪ್ಪು ಹೇಳುತ್ತದೆ. ನಾನು ಬೆರಳನ್ನೇ ನಂಬುವುದು.

ಮೂರನೆಯದು, ಬರೆದಿಡಿ. ಹೊತ್ತು, ಅಂಕಿ, ಆಗ ಏನು ಮಾಡುತ್ತಿದ್ದಿರಿ, ಹೇಗೆ ಶುರುವಾಯಿತು, ಹೇಗೆ ನಿಂತಿತು. ಸ್ವಿಚ್ ಹಾಕಿದ ಹಾಗೆ ತಟ್ಟನೆ 150 ದಾಟಿ, ತಟ್ಟನೆ ನಿಂತರೆ ಹೃದಯದ ವಿದ್ಯುತ್ ಹಾದಿಯಲ್ಲಿ ತೊಂದರೆ ಇರಬಹುದು. ಡಾಕ್ಟರುಗಳು ಎಸ್‌ವಿಟಿ ಎನ್ನುವುದು ಬಹಳ ಸಲ ಇದನ್ನೇ. ನಿಧಾನವಾಗಿ ಏರಿ ನಿಧಾನವಾಗಿ ಇಳಿದರೆ ಕಾರಣ ಹೆಚ್ಚಾಗಿ ಹೃದಯದ ಹೊರಗಿರುತ್ತದೆ.

ಈಗ ಕಾರಣ ಹುಡುಕಿ. ಜ್ವರವೇ? ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು 10 ಏರುತ್ತದೆ. ಭೇದಿಯಾಗಿದೆಯೇ, ನೀರು ಕುಡಿದಿಲ್ಲವೇ? ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯೇ? ತೂಕ ಇಳಿದು, ಕೈ ನಡುಗಿ, ಸೆಕೆ ತಡೆಯಲಾಗದಿದ್ದರೆ ಥೈರಾಯ್ಡ್ ಜಾಸ್ತಿಯಾಗಿರಬಹುದು. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾದರೂ ಹೀಗೇ. ಆಸ್ತಮಾದ ಸಾಲ್ಬುಟಮಾಲ್, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಶೀತದ ಮಾತ್ರೆಗಳು, ಸಿಗರೇಟು, ದಿನಕ್ಕೆ ಐದಾರು ಲೋಟ ಸ್ಟ್ರಾಂಗ್ ಕಾಫಿ, ಎಲ್ಲವೂ ಬಡಿತ ಏರಿಸುತ್ತವೆ. ಎನರ್ಜಿ ಡ್ರಿಂಕ್ ಅಂತೂ ಮನೆಗೆ ತರಲೇಬೇಡಿ. ಎದ್ದು ನಿಂತು ಹತ್ತು ನಿಮಿಷದೊಳಗೆ ಬಡಿತ 30ಕ್ಕಿಂತ ಜಾಸ್ತಿ ಏರಿ, ಪ್ರತಿಸಲ ತಲೆ ಹಗುರಾಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಗಾಬರಿಯಿಂದಲೂ ಎದೆ ಹೊಡೆದುಕೊಳ್ಳುತ್ತದೆ, ನಿಜ. ಆದರೆ ಹೆಂಗಸರು ಬಾಯಿ ಬಿಟ್ಟ ಕೂಡಲೇ 'ಟೆನ್ಶನ್ ಅಷ್ಟೇ' ಎನ್ನುವುದು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ), ಇಸಿಜಿ ನೋಡಿದ ಮೇಲೆ ಆ ಮಾತಾಡಲಿ.

ಬಡಿತ ಇಳಿಸಲು ಪಕ್ಕದ ಮನೆಯವರ ಪ್ರೊಪ್ರನೊಲಾಲ್ ಮಾತ್ರೆ ಇಸಿದುಕೊಂಡು ನುಂಗುವವರನ್ನು ನೋಡಿದ್ದೇನೆ. ಆಸ್ತಮಾ ಇದ್ದವರಿಗೆ ಅದರಿಂದ ಉಸಿರೇ ಕಟ್ಟಬಹುದು. ಡಾಕ್ಟರೇ ಅದನ್ನು ಬರೆದುಕೊಟ್ಟಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ.

ಕೊನೆಯದು ಇಸಿಜಿ. ಬಡಿತ ಇಳಿದ ಮೇಲೆ ತೆಗೆಸಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ. ಹಾಗಾಗಿ ಎದೆ ಓಡುತ್ತಿರುವಾಗಲೇ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ತೆಗೆಸಿ. ಜಯದೇವ ಹೃದ್ರೋಗ ಆಸ್ಪತ್ರೆಗೇ ಹೋಗಬೇಕೆಂದು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅಷ್ಟರಲ್ಲಿ ಬಡಿತ ಇಳಿದಿರುತ್ತದೆ. ಆ ಹಾಳೆಯನ್ನು ಜೋಪಾನ ಮಾಡಿ, ದೊಡ್ಡ ಆಸ್ಪತ್ರೆಗೆ ಆಮೇಲೆ ಅದನ್ನೇ ಒಯ್ಯಿರಿ. ದಿನಾ ಬಂದು ಬಂದು ಹೋಗುವುದಾದರೆ 24 ಗಂಟೆ ಮೈಗೆ ಅಂಟಿಸಿಕೊಂಡು ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರದ ಬಗ್ಗೆ ಕೇಳಿ. ಆದರೆ ಎದೆನೋವು, ಉಸಿರು ಸಿಗದಿರುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಇವುಗಳಲ್ಲಿ ಒಂದಿದ್ದರೂ ಎಣಿಸುತ್ತಾ ಕೂರಬೇಡಿ. ಆಟೋ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.