ಮದ್ದಳೆಯ ಪೆಟ್ಟು ತಡವಾಗಿ ಬಂತು

ನಮ್ಮ ಮನೆಯಂಗಳದಲ್ಲಿ ತಾಳಮದ್ದಳೆ ಆಯಿತು. ದೊಡ್ಡಪ್ಪನೇ ಮದ್ದಳೆಗಾರ. ನಾನು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೋ ತೆಗೆದೆ. ಧ್ವನಿಯನ್ನು ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ಪುಟ್ಟ ರೆಕಾರ್ಡರ್‌ಗೆ ಬೇರೆಯಾಗಿ ಎಳೆದುಕೊಂಡೆ. ದೊಡ್ಡಪ್ಪನ ಮನೆಯಲ್ಲಿರುವುದು ಹಳೇ ಟಿವಿ, ಅದಕ್ಕೊಂದು ಡಿವಿಡಿ ಪ್ಲೇಯರ್. ಹಾಗಾಗಿ ಒಂದು ಗಂಟೆಗೆ ಕತ್ತರಿಸಿ ಜೋಡಿಸಿ ಡಿವಿಡಿ ಬರೆದು ಕೊಟ್ಟೆ.

ಮರುದಿನ ಫೋನ್ ಬಂತು. "ನನ್ನ ಕೈ ಬಿದ್ದು ಎಷ್ಟೋ ಹೊತ್ತಿಗೆ ಪೆಟ್ಟು ಕೇಳ್ತದಲ್ಲ ಮಾರಾಯ! ಭಾಗವತರ ಸ್ವರವೂ ಬಾವಿಯೊಳಗಿಂದ ಬಂದ ಹಾಗೆ ಉಂಟು."

ಮೊದಲು ಡಿಸ್ಕ್ ಮೇಲೆಯೇ ಅನುಮಾನ ಬಂತು. ವೇಗ ಕಡಿಮೆ ಮಾಡಿ ಮತ್ತೆ ಬರೆದೆ, ಬೇರೆ ಡಿಸ್ಕಿಗೂ ಬರೆದೆ. ಮೂರು ಡಿಸ್ಕ್ ಹಾಳಾದ ಮೇಲೆ ಸುಮ್ನೆ ಕೂತು ಹಿಂದಕ್ಕೆ ಹುಡುಕುತ್ತಾ ಹೋದೆ. ಡಿಸ್ಕಿನಲ್ಲಿರುವ ವಿಒಬಿ ಫೈಲನ್ನು, ಅಂದರೆ ಡಿವಿಡಿಯ ವಿಡಿಯೋ ಫೈಲನ್ನು, ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿದೆ. ಅಲ್ಲೂ ಅದೇ ತಪ್ಪು. ಎಡಿಟಿಂಗ್‌ನಿಂದ ಹೊರತೆಗೆದ ಫೈಲಿನಲ್ಲೂ ಅದೇ. ಅಂದರೆ ಬರೆಯುವ ಡ್ರೈವ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಧ್ವನಿಯನ್ನು ಒಂದಿಷ್ಟು ಬೇಗ ಬರುವಂತೆ ಸರಿಸಿ ಕೊನೆಯ ಪದಕ್ಕೆ (ಭಾಗವತರ ಹಾಡಿಗೆ) ಸರಿಯಾಗಿ ಕೂರಿಸಿದೆ. ಆಗ ಶುರುವಿನ ಪದ ಕೆಟ್ಟಿತು. ನನಗೆ ದಾರಿ ಕಂಡದ್ದೇ ಇಲ್ಲಿ. ಉದ್ದಕ್ಕೂ ಒಂದೇ ಅಳತೆಯ ವ್ಯತ್ಯಾಸ ಇದ್ದರೆ ಸರಿಸಿದರೆ ಸಾಕು. ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಜಾಸ್ತಿಯಾದರೆ, ಚಿತ್ರ ಮತ್ತು ಧ್ವನಿ ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ ಎಂದೇ ಅರ್ಥ. ನನ್ನದರಲ್ಲಿ ಗಂಟೆಯ ಕೊನೆಗೆ ಹತ್ತಿರಹತ್ತಿರ ಎರಡು ಸೆಕೆಂಡ್ ಆಗಿತ್ತು.

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ಫೋನಿನ ಫೈಲನ್ನು ತೆರೆದಾಗ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ, 'ವೇರಿಯಬಲ್' (ಬದಲಾಗುವಂಥದ್ದು) ಎಂದಿತ್ತು. ಸೆಕೆಂಡಿಗೆ 30 ಫ್ರೇಮ್ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಅದು ಅಷ್ಟು ತೆಗೆಯದೇ ಇರಬಹುದು. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಸರಿಯಾಗಿ 30 ಎಂದೇ ಲೆಕ್ಕ ಹಿಡಿದಿತ್ತು. ಒಂದು ಗಂಟೆಗೆ 1,08,000 ಫ್ರೇಮ್ ಬೇಕು. ಸರಾಸರಿ 29.97 ಆದರೂ 108 ಫ್ರೇಮ್ ಕಡಿಮೆ ಬೀಳುತ್ತದೆ, ಅಂದರೆ 3.6 ಸೆಕೆಂಡ್. ಚಿತ್ರ ಅಷ್ಟು ಬೇಗ ಮುಗಿಯುತ್ತದೆ, ಧ್ವನಿ ಹಿಂದೆ ಉಳಿಯುತ್ತದೆ. ಮಾತು ಮಾತ್ರ ಇದ್ದಿದ್ದರೆ ಮೊದಮೊದಲು ಗೊತ್ತೇ ಆಗುತ್ತಿರಲಿಲ್ಲವೇನೋ. ಮದ್ದಳೆ ಹಾಗಲ್ಲ. ಬೆರಳು ಬಿದ್ದ ಕ್ಷಣಕ್ಕೇ ಪೆಟ್ಟು ಕೇಳಬೇಕು, ಅಲ್ವಾ?

ಎಡಿಟಿಂಗ್‌ಗೆ ಮೊದಲೇ ಫೋನಿನ ಫೈಲನ್ನು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕಿದೆ. ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ನ ಡಿವಿಡಿಗೆ ಬೇಕಾದದ್ದು ಸೆಕೆಂಡಿಗೆ 25 ಫ್ರೇಮ್. ಅದನ್ನೇ ಆರಿಸಿ, 'ಕಾನ್ಸ್ಟಂಟ್ ಫ್ರೇಮ್‌ರೇಟ್' (ಉದ್ದಕ್ಕೂ ಒಂದೇ) ಗುರುತು ಮಾಡಿದೆ. ಗುಣಮಟ್ಟವನ್ನು ಸ್ವಲ್ಪ ಮೇಲೇ ಇಟ್ಟೆ, ಮುಂದೆ ಡಿವಿಡಿಗೆಂದು ಇನ್ನೊಮ್ಮೆ ಕುಗ್ಗಿಸಬೇಕಲ್ಲ. 30ರಿಂದ 25ಕ್ಕೆ ಇಳಿಸಿದ್ದರಿಂದ ಕೈ ಜೋರಾಗಿ ಆಡುವ ಕಡೆ ಚಿತ್ರ ಚೂರು ಕುಲುಕಿದ ಹಾಗೆ ಕಾಣುತ್ತದೆ. ತಾಳ ತಪ್ಪುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನು ಬಾವಿಯ ಸ್ವರ. ನನ್ನ ಇಯರ್‌ಫೋನ್‌ನಲ್ಲಿ ಕೇಳಿದರೆ ತೊಂದರೆಯೇ ಅನಿಸುತ್ತಿರಲಿಲ್ಲ. ದೊಡ್ಡಪ್ಪನ ಟಿವಿಗೆ ಇರುವುದು ಒಂದೇ ಸ್ಪೀಕರ್ ಎಂದು ನೆನಪಾಯಿತು. ರೆಕಾರ್ಡರ್‌ನ ಫೈಲನ್ನು ಧ್ವನಿ ತಿದ್ದುವ ಅಡಾಸಿಟಿಯಲ್ಲಿ ತೆರೆದು ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಅಲೆ ಮೇಲೆ ಹೋದಲ್ಲೆಲ್ಲ ಬಲಗಡೆಯದು ಕೆಳಗೆ ಹೋಗುತ್ತಿತ್ತು! ಮಿಕ್ಸರ್‌ನ ಬ್ಯಾಲೆನ್ಸ್ಡ್ ಕೇಬಲ್ಲಿನಲ್ಲಿ ಒಂದೇ ಧ್ವನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುಗುಮುರುಗಾಗಿ ಬರುತ್ತದೆ. ಅದನ್ನು ನಾನು ರೆಕಾರ್ಡರ್‌ನ ಸ್ಟೀರಿಯೋ ತೂತಿಗೆ ನೇರ ಚುಚ್ಚಿದ್ದೆ. ಇಯರ್‌ಫೋನ್‌ನಲ್ಲಿ ಎರಡು ಕಿವಿಗೆ ಬೇರೆ ಬೇರೆ ಹೋಗುವುದರಿಂದ ಕೇಳುತ್ತದೆ. ಒಂದೇ ಸ್ಪೀಕರಿನಲ್ಲಿ ಎರಡೂ ಸೇರಿದರೆ ಒಂದನ್ನೊಂದು ಬಹುಪಾಲು ಕಳೆದುಹಾಕುತ್ತವೆ, ಉಳಿದ ಚೂರೇ ಬಾವಿಯ ಸ್ವರದ ಹಾಗೆ ಕೇಳುತ್ತದೆ. ಸ್ಟೀರಿಯೋ ಟ್ರ್ಯಾಕ್ ಒಡೆದು ಬಲಗಡೆಯದನ್ನು ಅಳಿಸಿದೆ, ಎಡಗಡೆಯದನ್ನೇ ಎರಡೂ ಕಡೆಗೆ ಹಾಕಿದೆ. ಈಗ ಎಡಿಟಿಂಗ್ ಮುಗಿದ ಕೂಡಲೇ ಒಮ್ಮೆ ಮೋನೋ ಮಾಡಿ, ಅಂದರೆ ಎಡಬಲ ಎರಡನ್ನೂ ಒಂದಾಗಿ ಸೇರಿಸಿ, ಕೇಳುತ್ತೇನೆ.

ರೆಕಾರ್ಡರ್‌ನಲ್ಲಿ ಧ್ವನಿಯ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬುದು) 44.1 ಕಿಲೋಹರ್ಟ್ಸ್ ಇತ್ತು, ಅದು ಸಿಡಿಯ ಅಳತೆ. ಡಿವಿಡಿಗೆ 48 ಬೇಕು. ಅಡಾಸಿಟಿಯಲ್ಲೇ ಬದಲಿಸಿದೆ. ಆಮೇಲೆ ಡಿವಿಡಿ ತಯಾರಿಸುವ ಡಿವಿಡಿಸ್ಟೈಲರ್‌ನಲ್ಲಿ ಧ್ವನಿಯನ್ನು ಎಸಿ-3 (ಡಿವಿಡಿಯಲ್ಲಿ ಬಳಸುವ ಧ್ವನಿಯ ರೂಪ), ಸೆಕೆಂಡಿಗೆ 224 ಕಿಲೋಬಿಟ್ ಎಂದು ಇಟ್ಟೆ.

ಈ ಸಲ ಮೊದಲು ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯೂ ಬಳಸಿದೆ. ದೊಡ್ಡಪ್ಪನ ಮನೆಗೇ ಒಯ್ದು, ಶುರುವಿನ ಪದ ಒಂದು ನಿಮಿಷ ನೋಡಿ, ನೇರ ಕೊನೆಯ ಮಂಗಳಕ್ಕೆ ಹಾರಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಬಂದರು. ತಮ್ಮ ಕೈಯನ್ನೇ ನೋಡುತ್ತಾ ತೊಡೆಯ ಮೇಲೆ ಬೆರಳಾಡಿಸಿದರು. ಟಿವಿಯ ಪೆಟ್ಟೂ ತೊಡೆಯ ಪೆಟ್ಟೂ ಕೂಡಿತು. "ಈಗ ಬರೆ," ಎಂದರು.