ಎರಡು ಕಂಟೇನರ್ ನಡುವೆ ಕಡಿಮೆ ಖರ್ಚಿನ ಸೂರು: ನನ್ನ ಅನುಭವ

ಎರಡು ಕಂಟೇನರ್ ಎದುರುಬದುರು ಇಟ್ಟರೆ ಎರಡು ಗೋಡೆ ಪುಕ್ಕಟೆ ಸಿಕ್ಕಂತೆ. ನಾನು ಎರಡು 20 ಅಡಿ ಕಂಟೇನರ್‌ಗಳ ನಡುವೆ 4 ಮೀಟರ್ ಜಾಗ ಬಿಟ್ಟು ಮೇಲೆ ಶೀಟು ಹೊದಿಸಿದೆ. ಸೂರಿನ ಭಾರ ಹೊರುವುದು ಇಲ್ಲಿ ಸುಲಭ. ಗಾಳಿಗೆ ಅದು ಏಳದ ಹಾಗೆ ಹಿಡಿದಿಡುವುದೇ ನಿಜವಾದ ಕೆಲಸ.

ಮೊದಲು ನೆಲ. ಕಂಟೇನರ್ ಭಾರವೆಲ್ಲ ನಾಲ್ಕು ಮೂಲೆಗಳ ಮೇಲೆ ಕೂರುತ್ತದೆ. ಮೂಲೆಗೊಂದು ಕಾಂಕ್ರೀಟ್ ದಿಮ್ಮಿ ಸಾಕು, ಆದರೆ ಮಟ್ಟ ಸರಿಯಿರಬೇಕು. ರಸಮಟ್ಟ ಇಟ್ಟು ನೋಡಿದ ಮೇಲೂ ನಾನು ಬಾಗಿಲು ತೆಗೆದು ಮುಚ್ಚಿ ನೋಡುತ್ತೇನೆ. ಒಂದು ಮೂಲೆ ಕುಸಿದರೂ ಚೌಕಟ್ಟು ತಿರುಚಿಕೊಂಡು ಬಾಗಿಲು ಹಿಡಿದುಕೊಳ್ಳುತ್ತದೆ.

ಇಳಿಜಾರಿಗೆ ನಾನು ಮಾಡಿದ್ದು ಇಷ್ಟೇ: ಒಂದು ಮಾಮೂಲಿ ಕಂಟೇನರ್, ಇನ್ನೊಂದು ಹೈ ಕ್ಯೂಬ್. ಮೊದಲನೆಯದರ ಎತ್ತರ 2.59 ಮೀಟರ್, ಎರಡನೆಯದರದ್ದು 2.90. ಆ ಒಂದು ಅಡಿ ವ್ಯತ್ಯಾಸದಲ್ಲೇ ಇಳಿಜಾರು ಸಿಕ್ಕಿತು. ಕಂಬವೂ ಬೇಡ, ಟ್ರಸ್ಸೂ (ಸೂರು ಹೊರುವ ತ್ರಿಕೋನದ ಚೌಕಟ್ಟು) ಬೇಡ. ಇದು ಕಮ್ಮಿ ಇಳಿಜಾರೇ, ಹಾಗಾಗಿ ಮೇಲಿಂದ ಕೆಳಗಿನವರೆಗೆ ಶೀಟು ಒಂದೇ ತುಂಡು ಇರಬೇಕು. ನಡುವೆ ಜಾಯಿಂಟ್ ಇದ್ದರೆ ನೀರು ಒಳಗೆ ಬರುತ್ತದೆ.

ಕಂಟೇನರ್ ಚಾವಣಿಗೆ ರಂಧ್ರ ಕೊರೆಯಬೇಡಿ. ಅದು ಸುಮಾರು 2 ಮಿ.ಮೀ. ತಗಡು, ಕೊರೆದ ಕಡೆಯೇ ತುಕ್ಕು ಶುರುವಾಗುತ್ತದೆ. ಮೂಲೆಯ ಕಾಸ್ಟಿಂಗ್, ಅಂದರೆ ಪ್ರತಿ ಮೂಲೆಯಲ್ಲಿರುವ ದಪ್ಪ ಉಕ್ಕಿನ ತೂತುಗಟ್ಟಿ, ಇರುವುದೇ ಹಿಡಿತಕ್ಕೆ, ಅಲ್ವಾ? ಅದರ ಮೇಲ್ಭಾಗದಲ್ಲಿ ಉದ್ದನೆಯ ತೂತು ಇದೆ: ಉದ್ದ 124 ಮಿ.ಮೀ., ಅಗಲ 63.5. ದಪ್ಪ ಪಟ್ಟಿಯೊಂದರ ನಡುವೆ ಬೋಲ್ಟ್ ಬೆಸುಗೆ ಹಾಕಿಸಿಕೊಂಡೆ. ಪಟ್ಟಿಯ ಅಗಲ 55, ಉದ್ದ 100 ಮಿ.ಮೀ. ಅದನ್ನು ತೂತಿನ ಉದ್ದಕ್ಕೆ ಒಳಗೆ ಇಳಿಸಿ, ಕಾಲು ಸುತ್ತು ತಿರುಗಿಸಿ, ಮೇಲೆ ತೂತಿಗಿಂತ ಅಗಲದ ಇನ್ನೊಂದು ಪಟ್ಟಿ ಇಟ್ಟು ನಟ್ ಬಿಗಿದರೆ ಅಲ್ಲಾಡುವುದಿಲ್ಲ. ಹಡಗಿನಲ್ಲಿ ಕಂಟೇನರ್‌ಗಳನ್ನು ಒಂದಕ್ಕೊಂದು ಬಿಗಿಯುವ ಟ್ವಿಸ್ಟ್‌ಲಾಕ್ ಹಿಡಿಯುವುದೂ ಹೀಗೇ. ಈ ಬೋಲ್ಟುಗಳಿಗೆ ಉದ್ದಕ್ಕೂ ಒಂದು ತೊಲೆ ಕಟ್ಟಿ, ಅದರ ಮೇಲೆ ಅಡ್ಡಪೈಪು, ಪರ್ಲಿನ್ (ಶೀಟು ಕೂರುವ ಪಟ್ಟಿಗಳು), ಶೀಟು. ಕಾಸ್ಟಿಂಗ್ ಚಾವಣಿಗಿಂತ ತುಸು ಮೇಲಿರುತ್ತದೆ, ಆದ್ದರಿಂದ ತೊಲೆಯ ಕೆಳಗೆ ಸಂದು ಉಳಿಯುತ್ತದೆ. ಕಂಟೇನರ್ ಅಂಚಿನ ಪಟ್ಟಿಯ ಮೇಲೆ ಅಲ್ಲಲ್ಲಿ ಸಂದು ತುಂಬುವ ಪ್ಯಾಕಿಂಗ್ ತುಂಡು ಕೊಟ್ಟರೆ ತೊಲೆ ನಡುವೆ ಜೋಲುವುದಿಲ್ಲ.

ಗಾಳಿಯ ವಿಷಯ ಬಿಡಬೇಡಿ. ಎರಡೂ ತುದಿ ತೆರೆದಿದ್ದರೆ ಗಾಳಿ ಒಳಗೆ ನುಗ್ಗಿ ಶೀಟನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿ ನುಗ್ಗುವ ಕಡೆ ತೆರೆದಿದ್ದು ಎದುರು ತುದಿ ಮುಚ್ಚಿದ್ದರೆ ಇನ್ನೂ ಕಷ್ಟ, ಬಲೂನಿನ ಹಾಗೆ ಒತ್ತಡ ಏರುತ್ತದೆ. ನಾನು ಗಾಳಿ ಜಾಸ್ತಿ ಬರುವ ಕಡೆ ಶೇಡ್ ನೆಟ್ ಕಟ್ಟಿದೆ. ಗಾಳಿ ದಿಕ್ಕು ಬದಲಿಸಿದರೂ ಅದು ಸೋಸಿಕೊಂಡು ಹೊರಹೋಗುತ್ತದೆ, ತಗಡಾಗಿದ್ದರೆ ತಡೆದು ನಿಲ್ಲಿಸುತ್ತಿತ್ತು. ಖಾಲಿ ಕಂಟೇನರ್ ಒಂದೊಂದೂ 2 ಟನ್‌ಗಿಂತ ಜಾಸ್ತಿ ತೂಗುತ್ತದೆ, ಹಾಗಾಗಿ ಸಾಮಾನ್ಯ ಗಾಳಿಗೆ ಲಂಗರಿನ ಚಿಂತೆ ಇಲ್ಲ. ಮೊದಲು ಕಿತ್ತು ಬರುವುದು ಶೀಟಿನ ಸ್ಕ್ರೂ. ಅಂಚಿನ ಸಾಲುಗಳಲ್ಲಿ ಅವನ್ನು ಹತ್ತಿರ ಹತ್ತಿರ ಹಾಕಿ, ರಬ್ಬರ್ ವಾಷರ್ ಜೊತೆಗೆ.

ತಗ್ಗಿನ ಕಡೆ ನೀರಿನ ದೋಣಿ ಬೇಕೇ ಬೇಕು, ಇಲ್ಲದಿದ್ದರೆ ನೀರೆಲ್ಲ ಕೆಳಗಿನ ಕಂಟೇನರ್ ಚಾವಣಿ ಮೇಲೆ ನಿಲ್ಲುತ್ತದೆ. ತಂಪು ರಾತ್ರಿಗಳಲ್ಲಿ ಶೀಟಿನ ಅಡಿಯಲ್ಲಿ ಹನಿಗಟ್ಟುವುದೂ ಉಂಟು. ಕೆಳಗೆ ಮರವನ್ನೋ ಸಿಮೆಂಟನ್ನೋ ಇಡುವವರು ಶೀಟಿನಡಿ ತೆಳು ಫೋಮ್ ಹಾಳೆ ಹಾಕಿಸಿಕೊಳ್ಳಿ.